ಖಚ್ಚರ ಒದ್ದ ಕರಡಿಗೆ

ಸುಟ್ಟ ಗೊರಸಿನ ವಾಸನೆ ಯಾರಿಗೂ ಇಷ್ಟವಾಗುವಂಥದ್ದಲ್ಲ. ಕೂದಲು, ಉಗುರು, ಹಳೆಯ ಕಂಬಳಿ ಎಲ್ಲವನ್ನೂ ಒಟ್ಟಿಗೆ ಸುಟ್ಟ ಹಾಗಿರುತ್ತದೆ. ಹೋದ ವಾರ ಗಂಗಾಪುರದ ಕಾಲೇಜೊಂದರ ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಿದ್ದೆ. ಊಟದ ಬಿಡುವಿನಲ್ಲಿ ಹೊರಗೆ ಬಂದರೆ, ಕಾಂಪೌಂಡಿನ ಆಚೆ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರ ಅಂಗಳ ಕಂಡಿತು. ಒಬ್ಬಾತ ಬಿಳಿ ಕುದುರೆಯ ಹಿಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಕಾದ ಲಾಳವನ್ನು ಗೊರಸಿಗೆ ಒತ್ತಿದ. ಚುರ್ರೆಂದು ಹೊಗೆ ಎದ್ದಿತು. ಜತೆಗಿದ್ದ ಪ್ರಾಧ್ಯಾಪಕರು ಕರವಸ್ತ್ರ ಹುಡುಕತೊಡಗಿದರು. ನಾನು ಗೋಡೆಗೆ ಇನ್ನಷ್ಟು ಒತ್ತಿ ನಿಂತೆ. ಅದು ನನ್ನ ಮುತ್ಯಾನ ವಾಸನೆ.

ಅಜ್ಜನನ್ನು ನಾವು ಮುತ್ಯಾ ಅನ್ನುತ್ತೇವೆ, ಅಜ್ಜಿಯನ್ನು ಆಯಿ. ನಮ್ಮದು ಭಾಲ್ಕಿ ಕಡೆಯ ಲಿಂಗವಂತರ ಮನೆ. ಮುತ್ಯಾ ಹರೆಯದಲ್ಲಿ ದಂಡು ಸೇರಿದ. ತೋಪುಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ಗುಡ್ಡ ಹತ್ತಿಸುತ್ತಿದ್ದ ಹೇಸರಗತ್ತೆಗಳಿಗೆ, ಅಂದರೆ ನಮ್ಮ ಮನೆಯ ಮಾತಿನ ಖಚ್ಚರಗಳಿಗೆ, ಲಾಳ ಕಟ್ಟುವ ಕೆಲಸ ಅವನ ಪಾಲಿಗೆ ಬಂತು. ನಿವೃತ್ತನಾಗಿ ನಾಸಿಕದ ಪಂಚವಟಿಯಲ್ಲಿ ನೆಲೆಸಿದ ಮೇಲೂ ಘಾಟಿನ ಟಾಂಗಾ ಕುದುರೆಗಳಿಗೆ ಅದೇ ಕೆಲಸ ಮಾಡಿದ. ನನ್ನ ಅಪ್ಪನಿಗೆ ಮನ್ಮಾಡಿನ ರೈಲ್ವೆಯಲ್ಲಿ ನೌಕರಿ. ಶಾಲೆಗೆಂದು ನನ್ನನ್ನು ನಾಸಿಕದಲ್ಲಿ ಬಿಟ್ಟಿದ್ದರು. ಹಾಗಾಗಿ ನನ್ನ ಬಾಲ್ಯದ ಶನಿವಾರಗಳಿಗೆಲ್ಲ ಸುಟ್ಟ ಗೊರಸಿನ ವಾಸನೆ ಅಂಟಿಕೊಂಡಿದೆ.

ಆ ವಾಸನೆಯ ಬೆನ್ನಿಗೇ ಒಂದು ಮಳೆಗಾಲ ಬರುತ್ತದೆ. ಮುತ್ಯಾ ತೀರಿಕೊಂಡ ವರ್ಷದ ಮಳೆಗಾಲ. ನಾನಾಗ ಸಂಭಾಜಿನಗರದಲ್ಲಿ ಕಾನೂನು ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನವಾಗಿ ಗೆದ್ದ ಢಾಲುಗಳನ್ನು ಇಡಲು ಹಾಸ್ಟೆಲಿನ ಕಪಾಟಿನಲ್ಲಿ ಜಾಗ ಇರಲಿಲ್ಲ. ಯಾರು ಏನೇ ಹೇಳಲಿ, ಮೊದಲು ಅನುಮಾನಿಸುವುದು ನನ್ನ ಸ್ವಭಾವ. ಈ ಸ್ವಭಾವ ಹುಟ್ಟಿನಿಂದ ಬಂದದ್ದಲ್ಲ, ಕಾಕಾ ಕೊಟ್ಟದ್ದು.

ಕಾಕಾ ಅಂದರೆ ಅಪ್ಪನ ತಮ್ಮ, ನಾಸಿಕ ರೋಡಿನ ಹೈಸ್ಕೂಲೊಂದರಲ್ಲಿ ಇತಿಹಾಸದ ಮಾಸ್ತರರು. ಊಟಕ್ಕೆ ಕೂತಾಗ ನಾನೇನಾದರೂ ಹೇಳಿದರೆ ಸಾರಿನ ವಾಟಿಯಿಂದ ತಾಟು ಬಡಿದು ಕೇಳುತ್ತಿದ್ದರು: "ಆಧಾರ?" ಆಧಾರ ಹೇಳುವ ತನಕ ಸಾರು ನನ್ನ ಕಡೆ ಬರುತ್ತಿರಲಿಲ್ಲ. ಅವರು ಕಲಿಸಿದ ಇನ್ನೊಂದು ಪಾಠವಿತ್ತು. "ಎದುರಿನವಗ ಉತ್ತರ ಹೇಳಬ್ಯಾಡ. ಪ್ರಶ್ನಾ ಕೇಳು. ಉತ್ತರ ಅವನ ಬಾಯಿಲೇ ಬರ್ಲಿ. ತನ್ನ ಬಾಯಿಲೆ ಬಂದಿದ್ದನ್ನ ಯಾರೂ ಅಲ್ಲ ಅನ್ನಲ್ಲ." ಈ ಒಂದು ಪಾಠದಿಂದ ನಾನು ಗೆದ್ದ ಢಾಲುಗಳು ಎಷ್ಟೋ. ಇತಿಹಾಸದ ಮಾಸ್ತರರ ಮಾತಿಗೆ ಆಧಾರ ಕೇಳಬೇಕು ಅಂತ ಮಾತ್ರ ನನಗೆ ಎಂದೂ ಹೊಳೆಯಲಿಲ್ಲ.

ಮುತ್ಯಾನ ಕೊರಳಲ್ಲಿ ಒಂದು ಬೆಳ್ಳಿಯ ಕರಡಿಗೆ ಇರುತ್ತಿತ್ತು. ಇಷ್ಟಲಿಂಗವನ್ನು ಒಳಗಿಟ್ಟು ಎದೆಯ ಮೇಲೆ ಇಳಿಬಿಡುವ ದುಂಡನೆಯ ಡಬ್ಬಿ. ಅದರ ಮೇಲ್ಭಾಗದಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವನ ಹಾಗೆ ಮುತ್ಯಾ ಅಂಗಿಯ ಗುಂಡಿ ಬಿಚ್ಚಿ ತೋರಿಸುತ್ತಿದ್ದ.

"ಚಾಂದನಿ ಅಂತ ಒಂದು ಖಚ್ಚರ ಇತ್ತು. ಭಾಳ ಶ್ಯಾಣ್ಯಾದು. ಒಂದಿನ ಮೊಳಿ ಹೊಡಿಯುವಾಗ ನನ್ನ ಕೈ ತಪ್ತು. ಅಕ್ಕಿಕಾಳಿನಷ್ಟ ಒಳಗ ಹೋತು. ಗೊರಸಿನಾಗಿನ ಜೀವಕ್ಕ ತಾಗ್ತು. ಮೂಕ ಪ್ರಾಣಿ, ಬಾಯಿಲೆ ಹೇಳ್ಲಕ್ಕ ಬರಲ್ಲ. ಕಾಲಿಲೆ ಹೇಳ್ತು."

"ಎದಿಗೇ ಹೇಳ್ತು!" ಅಂತ ಒಳಗಿನಿಂದ ಆಯಿ ಕೂಗುತ್ತಿದ್ದಳು. "ಎದಿಮ್ಯಾಲಿನ ಲಿಂಗಪ್ಪ ಜೀವ ಉಳಿಸಿದ, ಖಚ್ಚರ ಬುದ್ಧಿ ಕಲಿಸ್ತು." ಆಮೇಲೆ ಇಬ್ಬರೂ ನಗುತ್ತಿದ್ದರು. ಈ ಕಥೆ ನಡೆಯುತ್ತಿದ್ದುದೇ ಇಬ್ಬರು ಹೇಳುವ ಆಟದ ಹಾಗೆ. ಆಯಿಯ ಸಾಲು ಆಯಿಗೇ, ಮುತ್ಯಾ ಅದನ್ನು ಎಂದೂ ಕಸಿಯುತ್ತಿರಲಿಲ್ಲ. ಕೊನೆಗೆ ಮುತ್ಯಾ ಗಂಭೀರನಾಗುತ್ತಿದ್ದ. ಹೊಸದಾಗಿ ಕೆಲಸ ಕಲಿಯಲು ಬಂದ ಸಿಪಾಯಿಗಳಿಗೆಲ್ಲ ಆ ತಗ್ಗನ್ನು ಮುಟ್ಟಿಸಿಯೇ ಸುತ್ತಿಗೆ ಕೈಗೆ ಕೊಡುತ್ತಿದ್ದನಂತೆ. ಆ ದಿನದ ನಂತರ ಅವನ ಕೈಯಲ್ಲಿ ಒಂದು ಪ್ರಾಣಿಯೂ ಕುಂಟಲಿಲ್ಲ ಅನ್ನುತ್ತಿದ್ದ. ನಾನು ಆಧಾರ ಕೇಳಿದರೆ ಎದೆ ತೋರಿಸುತ್ತಿದ್ದ. ತನ್ನ ತಪ್ಪನ್ನು ಕೊರಳಲ್ಲಿ ಹಾಕಿಕೊಂಡು ತಿರುಗಿದ ಇನ್ನೊಬ್ಬ ಮನುಷ್ಯನನ್ನು ನಾನು ಇದುವರೆಗೆ ನೋಡಿಲ್ಲ.

ಮುತ್ಯಾನನ್ನು ಸಮಾಧಿ ಮಾಡುವಾಗ ನಮ್ಮ ಪದ್ಧತಿಯಂತೆ ಇಷ್ಟಲಿಂಗವನ್ನು ಅವನ ಅಂಗೈಯಲ್ಲಿಟ್ಟರು. ಖಾಲಿ ಕರಡಿಗೆಯನ್ನು ಆಯಿ ಬಿಳಿ ಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಮೂಲೆಯಲ್ಲಿಟ್ಟಳು.

ಮಳೆ ಹಿಡಿದ ಮೇಲೆ ಒಂದು ದಿನ ಮರಾಠಿ ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಕಾಕಾ ಓದಿ ಹೇಳಿದರು. ನಿವೃತ್ತ ಸೈನಿಕರು ಕೆಲವರು ಸೇರಿ ಊರ ಹೊರಗೆ ಒಂದು ಚಿಕ್ಕ ಸೈನಿಕ ವಸ್ತುಸಂಗ್ರಹಾಲಯ ಕಟ್ಟುತ್ತಿದ್ದರು. ಅದರ ಹೆಸರು ಇಲ್ಲಿ ಬೇಡ. ಮನೆಮನೆಗಳಲ್ಲಿ ಉಳಿದ ಹಳೆಯ ವಸ್ತು, ಕಾಗದಪತ್ರ, ಫೋಟೊಗಳನ್ನು ದಾನ ಕೊಡಿ ಎಂದು ಕೇಳಿದ್ದರು.

"ಕೊಡೋಣು," ಅಂದಳು ಆಯಿ, ಕಾಕಾ ಓದಿ ಮುಗಿಸುವ ಮೊದಲೇ.

ನಾನು ಮೊದಲು ವಿರೋಧಿಸಿದೆ. ಇಂಥ ಕಡೆ ಕತ್ತಿ, ಬಂದೂಕು, ಪದಕಗಳಿಗಷ್ಟೇ ಮರ್ಯಾದೆ, ಲಾಳ ಕಟ್ಟುವವನನ್ನು ಯಾರು ಕೇಳುತ್ತಾರೆ ಎಂದೆ. ಹೇಳುತ್ತ ಹೇಳುತ್ತ ನನ್ನ ವಾದ ನನಗೇ ತಿರುಗಿತು. ಯಾರೂ ಕೇಳುವುದಿಲ್ಲ ಎಂಬ ಕಾರಣಕ್ಕೇ ಕೊಡಬೇಕಲ್ಲ? ಆ ತೋಪುಗಳೆಲ್ಲ ಗುಡ್ಡ ಹತ್ತಿದ್ದು ಯಾರ ಕಾಲಿನ ಮೇಲೆ? ಗಾಜಿನ ಹಿಂದೆ ಒಂದು ಲಾಳ ಹೊಡೆಯುವ ಸುತ್ತಿಗೆ, ಅದರ ಕೆಳಗೆ ಮುತ್ಯಾನ ಹೆಸರು, ಅವನ ಕೆಲಸದ ಹೆಸರು. ಅಷ್ಟು ಬರೆದರೆ ಸಾಕು ಅನ್ನಿಸಿತು. ಆ ಮಳೆಗಾಲದಲ್ಲಿ ನನಗೆ ಬೇಕಾಗಿದ್ದುದು ಅದೊಂದೇ.

ಒಂದು ಭಾನುವಾರ ಮೂವರೂ ರಿಕ್ಷಾದಲ್ಲಿ ಹೊರಟೆವು. ಗೋದಾವರಿಗೆ ನೀರು ಬಂದಿತ್ತು. ಘಾಟಿನ ಎತ್ತರದ ಮಾರುತಿ ವಿಗ್ರಹದ ಮೊಳಕಾಲು ಮುಳುಗಿದೆಯೋ ಸೊಂಟ ಮುಳುಗಿದೆಯೋ ಎಂದು ನೋಡಿಯೇ ಪಂಚವಟಿಯವರು ಪ್ರವಾಹ ಅಳೆಯುವುದು. "ಸೊಂಟಾಪರ್ಯಂತ ಬಂದದ," ಅಂದ ನಮ್ಮ ಕಡೆಯವನೇ ಆದ ರಿಕ್ಷಾದವನಿಗೆ ಆಯಿ, "ಇನ್ನಾ ಟೊಂಕ ಮುಟ್ಟಿಲ್ಲಪ್ಪ, ಸರಿಯಾಗಿ ನೋಡು," ಎಂದು ತಿದ್ದಿದಳು. ಸೊಂಟಕ್ಕೂ ಟೊಂಕಕ್ಕೂ ಏನು ವ್ಯತ್ಯಾಸವೆಂದು ಅವನೂ ಕೇಳಲಿಲ್ಲ. ಅವಳ ತೊಡೆಯ ಮೇಲೆ ಮುತ್ಯಾನ ಮರದ ಪೆಟ್ಟಿಗೆ ಇತ್ತು. ಒಳಗೆ ಸುತ್ತಿಗೆ, ಗೊರಸು ಕೆತ್ತುವ ಬಾಗಿದ ಚಾಕು, ಗೊರಸು ಉಜ್ಜುವ ಅರ, ದಂಡಿನ ಸೇವಾ ಪುಸ್ತಕ, ಚಾಂದನಿಯ ಜತೆ ನಿಂತ ಫೋಟೊ. ಕರಡಿಗೆಯನ್ನು ಮಾತ್ರ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದವರು ನಿವೃತ್ತ ಕ್ಯಾಪ್ಟನ್ ಒಬ್ಬರು. ಒಳ್ಳೆಯ ಮನುಷ್ಯ. ಎದ್ದು ನಿಂತು ಆಯಿಗೆ ಕುರ್ಚಿ ಕೊಟ್ಟರು. ಸಾಮಾನುಗಳನ್ನು ಒಂದೊಂದಾಗಿ ನೋಡಿ ಹಿಂದಿಯಲ್ಲಿ ಹೇಳಿದರು: "ಸುತ್ತಿಗೆ, ಚಾಕು ಬಹಳ ಬಂದಿವೆ, ಮಾತಾಜಿ. ನೋಡಲು ಬರುವವರು ಗಾಜಿನ ಮುಂದೆ ನಿಲ್ಲಬೇಕಲ್ಲ. ನಿಲ್ಲಿಸಲು ಏನಾದರೂ ಕಥೆ ಬೇಕು."

ಆಯಿಯ ಮುಖ ಅರಳಿತು. ಸೆರಗಿನ ಗಂಟು ಬಿಚ್ಚಿ ಕರಡಿಗೆಯನ್ನು ಮೇಜಿನ ಮೇಲಿಟ್ಟಳು. ಬಾಯಿ ತೆರೆಯುವಷ್ಟರಲ್ಲಿ ಕಾಕಾ, "ಅವ್ವ, ಚಹಾ ಆರ್ಲಕತ್ತದ, ಮೊದಲ ಕುಡಿ," ಎಂದರು. ನನ್ನ ಕಡೆ ತಿರುಗಿ, "ಮಳಿ ಜೋರ ಆಗೋದ್ರಾಗ ರಿಕ್ಷಾ ಹಿಡಿ ಹೋಗು. ಅವ್ವನ್ನೂ ಕರ್ಕೊಂಡು ನಡಿ. ನಾ ಎಲ್ಲಾ ತಿಳಿಸಿ ಹೇಳಿ ಬರ್ತೀನಿ."

ನಾವು ಹೋದೆವು. ಕಾಕಾ ಇದ್ದಾರಲ್ಲ ಎಂಬ ಧೈರ್ಯದಿಂದ ಹೋದೆವು.

ಶ್ರಾವಣದಲ್ಲಿ ಸಂಗ್ರಹಾಲಯದಿಂದ ಫೋನ್ ಬಂತು. ಕರಡಿಗೆ, ಸೇವಾ ಪುಸ್ತಕ, ಫೋಟೊ ಇಟ್ಟುಕೊಳ್ಳುತ್ತೇವೆ, ಪೆಟ್ಟಿಗೆ ವಾಪಸು ಒಯ್ಯಿರಿ, ಉದ್ಘಾಟನೆಗೆ ಎಲ್ಲರೂ ಬನ್ನಿ. ಸುತ್ತಿಗೆ ಬೇಡವಾಯಿತು ಎಂದು ನನಗೆ ಬೇಸರವಾಯಿತು. ಆದರೂ ಖಚ್ಚರದ ಕಥೆ ಗೆದ್ದಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆಯಿ ಎರಡು ದಿನ ಮೊದಲೇ ಇಳಕಲ್ ಸೀರೆ ಗಾಳಿಗೆ ಹಾಕಿದಳು.

ಉದ್ಘಾಟನೆಯ ದಿನವೂ ಮಳೆ. ಮಂಟಪದ ಬಟ್ಟೆ ನೀರು ತುಂಬಿಕೊಂಡು ಜೋತುಬಿದ್ದಿತ್ತು, ಇಬ್ಬರು ಕೋಲಿನಿಂದ ಅದನ್ನು ಎತ್ತಿ ಎತ್ತಿ ಸುರಿಯುತ್ತಿದ್ದರು. ಆಯಿಯನ್ನು ಮೊದಲ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿದರು. ನಾನು ಒಳಗೆ ಹೋಗಿ ನಮ್ಮ ಗಾಜಿನ ಪೆಟ್ಟಿಗೆ ಹುಡುಕಿದೆ. ಹುಡುಕಬೇಕಾಗಿಯೇ ಇರಲಿಲ್ಲ, ಬಾಗಿಲ ಎದುರಿಗೇ ಇತ್ತು. ಕೆಂಪು ಬಟ್ಟೆಯ ಮೇಲೆ ಕರಡಿಗೆ, ಅದರ ಮೇಲೊಂದು ಪುಟ್ಟ ದೀಪ, ತಗ್ಗಿಗೆ ಸರಿಯಾಗಿ ಬೆಳಕು. ಪಕ್ಕದಲ್ಲಿ ಸೇವಾ ಪುಸ್ತಕ, ಮುತ್ಯಾನ ಮುಖದ ಚಿತ್ರವಿದ್ದ ಪುಟಕ್ಕೆ ತೆರೆದದ್ದು. ಲಾಳ ಕಟ್ಟುವವನೆಂದು ಬರೆದಿದ್ದುದು ಮುಂದಿನ ಪುಟದಲ್ಲಿ. ಫೋಟೊದಲ್ಲಿ ಮುತ್ಯಾ ಮಾತ್ರ ಇದ್ದ, ಚಾಂದನಿ ಇದ್ದ ಭಾಗವನ್ನು ಚೌಕಟ್ಟಿನ ಹಿಂದಕ್ಕೆ ಮಡಚಿದ್ದರು. ಕೆಳಗೆ ಮರಾಠಿಯಲ್ಲಿ ಫಲಕ: ಶತ್ರುವಿನ ಗುಂಡನ್ನು ತಡೆದು ವೀರ ಯೋಧನ ಪ್ರಾಣ ಉಳಿಸಿದ ಬೆಳ್ಳಿಯ ಡಬ್ಬಿ.

ಮೂರು ಸಲ ಓದಿದೆ. ಹೆಸರು ಸರಿಯಾಗಿತ್ತು. ಊರೂ ಸರಿಯಾಗಿತ್ತು. ಮನುಷ್ಯ ಬೇರೆ.

ಕಾಕಾ ಜಗುಲಿಯಲ್ಲಿ ಛತ್ರಿ ಝಾಡಿಸುತ್ತಿದ್ದರು.

"ಇದು ಏನ್ರಿ ಕಾಕಾ?"

"ಚಲೋ ಬರ್ದಾರಲ್ಲ?"

"ಗುಂಡು ಅಂತ ಯಾರು ಹೇಳಿದ್ರು?"

"ನಾ ಹೇಳಿಲ್ಲ. ಬಸವಣ್ಣನ ಆಣಿ, ಆ ಶಬ್ದ ನನ್ನ ಬಾಯಿಲೆ ಬಂದಿಲ್ಲ." ಕಾಕಾ ಛತ್ರಿಯ ಗುಂಡಿ ಹಾಕಿದರು. "ಸಾಹೇಬ್ರು ಕರಡಗಿ ತಿರುವಿ ತಿರುವಿ ನೋಡ್ಲಕತ್ತಿದ್ರು. ನಾ ಇಷ್ಟೇ ಕೇಳ್ದೆ. ಸಾಹೇಬ್ರ, ಗಡಿ ಮ್ಯಾಲ ಇದ್ದವರ ಎದಿಮ್ಯಾಗ ಇಂಥಾ ತಗ್ಗು ಯಾದರಿಂದ ಬೀಳಬಹುದು? ಅವರೇ ಅಂದ್ರು. ಅನ್ಕೋತ ಕಣ್ಣಾಗ ನೀರ ತಂದ್ರು."

ಉತ್ತರ ಅವನ ಬಾಯಿಲೇ ಬರ್ಲಿ. ನಾನು ಎಷ್ಟೋ ವೇದಿಕೆಗಳ ಮೇಲೆ ಆಡಿದ ಆಟ ಅದು. ಅದನ್ನು ಮುತ್ಯಾನ ಮೇಲೆ ಆಡಿದ್ದರು.

"ಅಲ್ಲ ಅನ್ನಬೇಕಿತ್ತು ನೀವು."

"ಅಂದ್ರ ಏನಾಗ್ತಿತ್ತು? ಕರಡಗಿನೂ ಸುತ್ತಿಗಿ ಜೋಡಿ ಮನಿಗೆ ಬರ್ತಿತ್ತು. ಅಪ್ಪನ ಹೆಸರ ಗಾಜಿನಾಗ ಬಂತಿಲ್ಲ? ಬಿಡು."

"ಆಧಾರ?" ಅಂದೆ. ತಾಟು ಇರಲಿಲ್ಲ, ಇದ್ದಿದ್ದರೆ ಬಡಿಯುತ್ತಿದ್ದೆ.

ಕಾಕಾ ನಕ್ಕರು. "ವಕೀಲ ಸಾಹೇಬ್ರ, ಇದು ಕೋರ್ಟಲ್ಲ. ಸಾಲಿ ಮಕ್ಕಳು ಬರ್ತಾರ, ನೋಡ್ತಾರ, ಕೈ ಮುಗೀತಾರ. ಖಚ್ಚರದ ಲಾತಿಗೆ ಕೈ ಮುಗೀತಾರೇನು?"

ನಾನು ನೇರವಾಗಿ ಕ್ಯಾಪ್ಟನ್ ಸಾಹೇಬರ ಹತ್ತಿರ ಹೋದೆ. ಫಲಕ ತಪ್ಪಾಗಿದೆ, ಅದು ಗುಂಡಲ್ಲ, ಹೇಸರಗತ್ತೆ ಒದ್ದದ್ದು, ನನ್ನ ಅಜ್ಜ ತನ್ನ ತಪ್ಪೆಂದು ಎಲ್ಲರಿಗೂ ತೋರಿಸುತ್ತಿದ್ದ ಎಂದೆ. ಅವರು ಸಿಟ್ಟಾಗಲಿಲ್ಲ. ಗಲ್ಲ ಉಜ್ಜಿಕೊಂಡರು. "ಬೇಟಿ, ನೀನು ಆಗ ಹುಟ್ಟಿರಲಿಲ್ಲ," ಎಂದರು ಮೆಲ್ಲಗೆ. "ಗೊತ್ತಿರುವವರು ಒಬ್ಬರೇ ಉಳಿದಿದ್ದಾರೆ. ಅವರು ಹೇಳಿದರೆ ಈಗಲೇ ಫಲಕ ತೆಗೆಸುತ್ತೇನೆ."

ನ್ಯಾಯವಾದ ಮಾತು. ನನಗೂ ಬೇಕಾಗಿದ್ದುದು ಅದೇ. ಮುತ್ಯಾ ಮಣ್ಣಿನಲ್ಲಿದ್ದ, ಚಾಂದನಿ ಎಂದೋ ಸತ್ತಿತ್ತು. ಸಾಕ್ಷಿ ಅಂದರೆ ಆಯಿ ಒಬ್ಬಳೇ. ಆ ಸಾಕ್ಷಿ ನನ್ನ ಕಡೆಯದೆಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಎಲ್ಲವನ್ನೂ ಅನುಮಾನಿಸುವ ನಾನು ಅದೊಂದನ್ನು ಅನುಮಾನಿಸಲಿಲ್ಲ.

ಕ್ಯಾಪ್ಟನ್ ಸಾಹೇಬರು ಆಯಿಯ ಕುರ್ಚಿಯ ಮುಂದೆ ಬಾಗಿದರು. "ಮಾತಾಜಿ, ಡಬ್ಬಿಗೆ ತಾಗಿದ್ದು ಗೋಲಿಯೋ, ಖಚ್ಚರದ ಕಾಲೋ?"

ಆಯಿ ನನ್ನನ್ನು ನೋಡಿದಳು. ಕಾಕಾನನ್ನು ನೋಡಿದಳು. ಹೆಗಲ ಮೇಲಿನ ಶಾಲನ್ನು ಸರಿಮಾಡಿಕೊಂಡಳು. ಅವಳಿಗೆ ಬರುವ ಹಿಂದಿ ಅಷ್ಟಕ್ಕಷ್ಟೇ.

"ಗೋಲಿ, ಸಾಬ್," ಅಂದಳು. "ಗೋಲೀಚ್ ಲಗೀ."

ಗುಂಡು. ಗುಂಡೇ ತಾಗಿದ್ದು.

ಸಾಹೇಬರು ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ, ಹಟಮಾರಿ ಮಗುವನ್ನು ಕ್ಷಮಿಸುವ ಹಾಗೆ ತಲೆಯ ಮೇಲೆ ಕೈಯಿಟ್ಟರು. ಅಷ್ಟು ವರ್ಷಗಳಲ್ಲಿ ಸೋತ ಒಂದು ಚರ್ಚೆಯಲ್ಲೂ ನನಗೆ ಯಾರೂ ಹಾಗೆ ತಲೆ ಸವರಿರಲಿಲ್ಲ.

ಮನೆಗೆ ಮರಳುವಾಗ ರಿಕ್ಷಾದಲ್ಲಿ ಅವರು ವಾಪಸು ಕೊಟ್ಟ ಮರದ ಪೆಟ್ಟಿಗೆ ಈ ಸಲ ನನ್ನ ತೊಡೆಯ ಮೇಲಿತ್ತು. ರಸ್ತೆಯ ಪ್ರತಿ ತಗ್ಗಿಗೂ ಸುತ್ತಿಗೆ ಒಳಗೆ ಡಬ್ ಅನ್ನುತ್ತಿತ್ತು. ಕಾಕಾ ಅರ್ಧ ದಾರಿಯಲ್ಲಿ ಇಳಿದರು. ಮನೆಗೆ ಬಂದು ಆಯಿ ಶಾಲು ಮಡಚುವಾಗ ನಾನು ಕೇಳಿಯೇಬಿಟ್ಟೆ.

"ಯಾಕ ಆಯಿ?"

"ಖಚ್ಚರ ಒದ್ದಿದ್ದಕ್ಕ ಯಾರು ಶಾಲ ಹೊದಿಸ್ತಾರ?"

"ಮುತ್ಯಾ ಶಾಲ ಕೇಳಿದ್ನಾ?"

"ಅವರು ಕೇಳಿಲ್ಲ. ನಾ ಕೇಳೀನಿ." ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. "ಅವರಿಗೇನು, ಲಾಳ ಹೊಡ್ದು ಹೆಮ್ಮಿಲೆ ಇದ್ರು. ಭಾಲ್ಕಿಯಾಗ ಲಗ್ನಕ್ಕ ಹೋದ್ರ ಲಾಳದ ಬಸಪ್ಪನ ಹೇಂತಿ ಬಂದ್ಳು ಅಂತಿದ್ರು. ಪಂಕ್ತಿ ಕಡೀಕ ಕುಂಡ್ರಸ್ತಿದ್ರು. ಕುಂತಕಿ ನಾನು. ನಗಕೋತ ಉಂಡಕಿ ನಾನು. ನಿನಗ ಖರೇ ಬೇಕು. ನನಗ ಆ ಮಂದಿ ಒಮ್ಮೆ ಬಂದು ನೋಡ್ಬೇಕು."

ಇದಕ್ಕೆ ಉತ್ತರವಿತ್ತು, ಅವಳ ಮುಂದೆ ಹೇಳಲಿಲ್ಲ. ಈಗ ಹೇಳುತ್ತೇನೆ. ಪಂಕ್ತಿಯ ಕೊನೆಗೆ ಕೂರಿಸಿದವರು ಲಾಳದ ಬಸಪ್ಪನನ್ನು ಒಪ್ಪಲಿಲ್ಲ, ನಿಜ. ನಾವು ಮಾಡಿದ್ದೇನು? ನಾವೂ ಒಪ್ಪಲಿಲ್ಲ. ಅವರು ಬರೀ ಊಟದ ಎಲೆಯ ಜಾಗ ಬದಲಿಸಿದ್ದರು, ನಾವು ಮನುಷ್ಯನನ್ನೇ ಬದಲಿಸಿದೆವು. ತನ್ನ ಕೈತಪ್ಪನ್ನು ಮುಟ್ಟಿಸಿ ಕೆಲಸ ಕಲಿಸುತ್ತಿದ್ದವನ ಎದೆಯ ಮೇಲೆ ಒಂದು ಸುಳ್ಳನ್ನು ದೀಪ ಹಚ್ಚಿ ಇಟ್ಟೆವು.

ದಸರೆಯ ಹೊತ್ತಿಗೆ ಭಾಲ್ಕಿಯವರು ಸಂಗ್ರಹಾಲಯ ನೋಡಲು ಬಂದರು. ಆಯಿ ಮುಂದೆ, ಅವರು ಹಿಂದೆ. ಆಮೇಲೆ ಬೀಗರು ಬಂದರು, ಅವರ ಬೀಗರು ಬಂದರು. ಪ್ರತಿ ಸಲ ಕಥೆಗೆ ಒಂದಿಷ್ಟು ಸೇರುತ್ತಿತ್ತು. ಹಿಮ ಬಂತು. ಗುಂಡು ಹಾರಿಸಿದವನಿಗೆ ಮೀಸೆ ಬಂತು. ಮೀಸೆ ಕಂಡವರು ಯಾರು ಎಂದು ನಾನು ಕೇಳಿದ್ದಕ್ಕೆ ಕಾಕಾ, "ಅಡ್ಡಬಾಯಿ ಹಾಕಬ್ಯಾಡ," ಎಂದರು. ಆಧಾರ ಎಂಬ ಮಾತು ಆ ಮನೆಯಲ್ಲಿ ಆಮೇಲೆ ಯಾರೂ ಆಡಲಿಲ್ಲ. ನಾನೂ ರಜೆಗೆ ಮನ್ಮಾಡಿಗೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಪೆಟ್ಟಿಗೆಯನ್ನು ಸಂಭಾಜಿನಗರಕ್ಕೆ ತಂದೆ. ನನ್ನ ಖೋಲಿಯಲ್ಲಿ ಮೊಳೆ ಹೊಡೆಯಬೇಕಾದಾಗ ಆ ಸುತ್ತಿಗೆ ತೆಗೆಯುತ್ತೇನೆ. ಅಕ್ಕಪಕ್ಕದವರೂ ಕೇಳಿ ಒಯ್ಯುತ್ತಾರೆ.

ಹೋದ ವಾರ ಗಂಗಾಪುರದಲ್ಲಿ ಬಹುಮಾನ ಹಂಚಿದ ಮೇಲೆ ಸಂಭಾಜಿನಗರದ ಬಸ್ ಬಿಟ್ಟು ನಾಸಿಕದ ಬಸ್ ಹತ್ತಿದೆ. ಯಾಕೆಂದು ನನ್ನನ್ನೇ ಕೇಳಿಕೊಳ್ಳಲಿಲ್ಲ. ಆಯಿ ಮಂಚದ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಕಣ್ಣು ಮಂದವಾಗಿದೆ, ಹೆಜ್ಜೆಯ ಸದ್ದಿಗೇ ಗುರುತು ಹಿಡಿದಳು.

"ಹಾದಿ ತಪ್ಪಿ ಬಂದೇನು, ವಕೀಲ್ತಿ?"

ಪಕ್ಕದಲ್ಲಿ ಕೂತೆ. ಅವಳ ಬೆರಳು ನಿಂತವು. ನನ್ನ ಓಢಣಿಯ ತುದಿಯನ್ನು ಎಳೆದು ಮೂಗಿಗೆ ಹಿಡಿದಳು.

"ಎಲ್ಲಿಂದ ಬಂದಿ?"

"ಗಂಗಾಪುರಲಿಂದ. ಅಲ್ಲಿ ಕುದುರಿಗೆ ಲಾಳ ಕಟ್ಲಕತ್ತಿದ್ರು."

ಇನ್ನೊಮ್ಮೆ ಮೂಸಿದಳು. ಕಣ್ಣು ಮುಚ್ಚಿದ್ದವು. ಇದೇ ಹೊತ್ತು ಅಂದುಕೊಂಡೆ. ಉತ್ತರ ಹೇಳಲಿಲ್ಲ, ಪ್ರಶ್ನೆ ಕೇಳಿದೆ.

"ಆಯಿ, ಚಾಂದನಿ ಯಾವ ಕಾಲಿಲೆ ಒದ್ದಿತ್ತು ಮುತ್ಯಾಗ?"

"ಯಾವ ಚಾಂದನಿ?"

ಮುಖದಲ್ಲಿ ಏನೂ ಇರಲಿಲ್ಲ. ಮರೆತಿದ್ದಳೋ, ನನ್ನೆದುರಿಗೂ ಆಟ ಹೂಡಿದ್ದಳೋ, ನನಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದೂ ತಿಳಿಯಲಿಲ್ಲ. ಕಾಕಾ ಬರುವ ಹೊತ್ತಾಗಿತ್ತು. ನಾನು ಎದ್ದೆ. ಓಢಣಿ ಎಳೆದರೆ ಬರಲಿಲ್ಲ. ತುದಿ ಇನ್ನೂ ಅವಳ ಮುಷ್ಟಿಯಲ್ಲಿತ್ತು.

"ಇದನ್ನ ಇಲ್ಲೇ ಬಿಟ್ಟು ಹೋಗು," ಅಂದಳು. "ಒಗೀಬ್ಯಾಡ."